ಸ್ಟಾರ್ಟ್ ಆಗದ ಗ್ಲೋ ಎಂಜಿನ್: ಮೊದಲು ಪ್ಲಗ್, ಕೊನೆಗೆ ನೀಡಲ್

ಮಾದರಿ ವಿಮಾನದ ಗ್ಲೋ ಎಂಜಿನ್ (ಕಿಡಿಯ ಬದಲು ಕಾದ ತಂತಿಯ ಪ್ಲಗ್ಗಿನಿಂದ ಇಂಧನ ಹೊತ್ತಿಸುವ ಪುಟ್ಟ ಎಂಜಿನ್) ಸ್ಟಾರ್ಟ್ ಆಗದಿದ್ದರೆ ಹೆಚ್ಚಿನವರ ಕೈ ಮೊದಲು ಹೋಗುವುದು ನೀಡಲ್ ವಾಲ್ವಿಗೆ, ಅಂದರೆ ಇಂಧನದ ಪ್ರಮಾಣ ಹೊಂದಿಸುವ ತಿರುಪಿಗೆ. ನಾನು ಅದನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಹಿಂದಿನ ಸಲ ಚೆನ್ನಾಗಿ ಓಡಿದ್ದ ಎಂಜಿನ್ನಿನ ಸೆಟ್ಟಿಂಗ್ ಸಾಮಾನ್ಯವಾಗಿ ತಾನಾಗಿ ಕೆಡುವುದಿಲ್ಲ. ಅದನ್ನೂ ತಿರುಗಿಸಿಬಿಟ್ಟರೆ ಹುಡುಕಬೇಕಾದ ತೊಂದರೆ ಎರಡಾಗುತ್ತದೆ. ಇಲ್ಲಿ ಹೇಳುತ್ತಿರುವುದು 46 ಸೈಜಿನ, ಅಂದರೆ ಸುಮಾರು 7.5 ಸಿಸಿಯ ಟೂ-ಸ್ಟ್ರೋಕ್ ಎಂಜಿನ್ ಬಗ್ಗೆ.

ಮೊದಲು ಪ್ಲಗ್ ಬಿಚ್ಚಿ, ಗ್ಲೋ ಡ್ರೈವರಿಗೆ (ಪ್ಲಗ್ ಕಾಯಿಸುವ ಬ್ಯಾಟರಿ ಹಿಡಿಕೆಗೆ) ಸಿಕ್ಕಿಸಿ ನೆರಳಲ್ಲಿ ನೋಡುತ್ತೇನೆ. ಕಾಯಿಲ್ ಪೂರ್ತಿ ಕಿತ್ತಳೆ ಬಣ್ಣಕ್ಕೆ ಬೆಳಗಬೇಕು. ಮಂಕಾದ ಕೆಂಪಿದ್ದರೆ ತಪ್ಪು ಪ್ಲಗ್ಗಿನದಲ್ಲದೆ ಬ್ಯಾಟರಿಯದೂ ಇರಬಹುದು. ಪ್ಲಗ್ ಸುಮಾರು 3 ಆಂಪಿಯರ್ ಎಳೆಯುತ್ತದೆ, ಹಾಗಾಗಿ ಮೀಟರಿನಲ್ಲಿ 1.2 ವೋಲ್ಟ್ ತೋರಿಸುವ ಸುಸ್ತಾದ ಸೆಲ್ ಲೋಡ್ ಬಿದ್ದ ಕೂಡಲೇ ಕುಸಿಯುತ್ತದೆ. ಎರಡು ಸೆಲ್ ಸರಣಿಯಲ್ಲಿ ಜೋಡಿಸಿ 3 ವೋಲ್ಟ್ ಕೊಡುವ ಯೋಚನೆ ಬೇಡ, ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಇನ್ನೊಂದು ಮಾತು: ಗಾಳಿಯಲ್ಲಿ ಬೆಳಗಿದ ಮಾತ್ರಕ್ಕೆ ಪ್ಲಗ್ ಒಳ್ಳೆಯದೆಂದಲ್ಲ. ಡ್ರೈವರ್ ತೆಗೆದ ಮೇಲೂ ಎಂಜಿನ್ ಓಡುವುದು ಕಾಯಿಲ್ಲಿನ ಪ್ಲಾಟಿನಂ ಮೇಲ್ಮೈ ಮೆಥನಾಲ್ ಜೊತೆ ವರ್ತಿಸಿ ಬಿಸಿ ಉಳಿಸಿಕೊಳ್ಳುವುದರಿಂದ. ಕಾಯಿಲ್ ಬೆಳ್ಳಗೆ ಮಾಸಿದ್ದರೆ, ಸುರುಳಿಗಳು ಒಂದಕ್ಕೊಂದು ತಾಗಿದ್ದರೆ, ಯೋಚಿಸದೆ ಬದಲಿಸಿ. ಚೆನ್ನಾಗಿದೆಯೆಂದು ಗೊತ್ತಿರುವ ಹೊಸ ಪ್ಲಗ್ ಒಂದು ಯಾವಾಗಲೂ ಡಬ್ಬಿಯಲ್ಲಿರಲಿ.

ನಂತರ ಇಂಧನ. ಡ್ರೈವರ್ ತೆಗೆದಿಟ್ಟು, ಥ್ರಾಟಲ್ ಪೂರ್ತಿ ತೆರೆದು, ಕಾರ್ಬ್ಯುರೇಟರಿನ ಬಾಯಿಗೆ ಬೆರಳು ಒತ್ತಿ, ಪ್ರೊಪೆಲ್ಲರನ್ನು ಮೆಲ್ಲಗೆ ತಿರುಗಿಸಿ ಪಾರದರ್ಶಕ ಟ್ಯೂಬನ್ನೇ ನೋಡುತ್ತಿರಿ. ಇಂಧನ ಒಂದೇ ಎಳೆಯಾಗಿ, ಗುಳ್ಳೆಯಿಲ್ಲದೆ ಮುಂದೆ ಸರಿಯಬೇಕು. ಕಾರ್ಬ್ಯುರೇಟರ್ ಮುಟ್ಟಿದ ಮೇಲೆ ಎರಡು ಸುತ್ತು ಸಾಕು. ಗುಳ್ಳೆ ಬಂದರೆ ಸಿಲಿಕೋನ್ ಟ್ಯೂಬಿನಲ್ಲಿ ಸೂಜಿಮೊನೆಯಷ್ಟು ತೂತು ಇದೆ. ಅದು ಹೆಚ್ಚಾಗಿ ಟ್ಯೂಬ್ ಸಿಕ್ಕಿಸುವ ನಿಪ್ಪಲ್ಲಿನ ಅಂಚು ಕೊರೆಯುವ ಜಾಗದಲ್ಲೇ ಇರುತ್ತದೆ. ಇಂಧನ ಬರದೇ ಇದ್ದರೆ ಫಿಲ್ಟರ್ ಕಟ್ಟಿರಬಹುದು, ಕಾರ್ಬ್ಯುರೇಟರಿನೊಳಗೆ ಇಂಧನ ಬಿಡುವ ಸ್ಪ್ರೇ ಬಾರಿನ ತೂತಿನಲ್ಲಿ ಕಸ ಕೂತಿರಬಹುದು. ಗಟ್ಟಿಯಾಗಿ ಇಳಿದ ವಿಮಾನವಾದರೆ ಟ್ಯಾಂಕಿನೊಳಗಿನ ಕ್ಲಂಕ್ (ಇಂಧನ ಎಳೆಯುವ ಟ್ಯೂಬಿನ ತುದಿಯ ಭಾರದ ತುಂಡು) ಮುಂದಕ್ಕೆ ಮಡಚಿ ಅಲ್ಲೇ ಸಿಕ್ಕಿಕೊಂಡಿರುವುದುಂಟು. ಹೊರಗಿನಿಂದ ಇದು ಕಾಣುವುದಿಲ್ಲ, ಟ್ಯಾಂಕ್ ಬಿಚ್ಚಲೇಬೇಕು. ಎಂಜಿನ್ ಎರಡು ಸೆಕೆಂಡ್ ಗುರ್ರೆಂದು ಓಡಿ ನಿಂತರೂ ಕಾರಣ ಬಹುತೇಕ ಇದೇ: ಪ್ರೈಮ್ ಮಾಡಿದ, ಅಂದರೆ ಸ್ಟಾರ್ಟಿಗೆ ಮೊದಲೇ ಒಳಗೆ ತಂದಿಟ್ಟ ಇಂಧನ ಉರಿದು ಮುಗಿಯಿತು, ಟ್ಯಾಂಕಿನಿಂದ ಏನೂ ಬರಲಿಲ್ಲ.

ಇದರ ವಿರುದ್ಧದ ತೊಂದರೆ ಫ್ಲಡ್ ಆಗುವುದು. ಪಿಸ್ಟನ್ ಮೇಲಿನ ತುದಿಗೆ ಬರುವಾಗ ಪ್ರೊಪೆಲ್ಲರ್ ಗೋಡೆಗೆ ತಾಗಿದಂತೆ ನಿಂತರೆ ಸಿಲಿಂಡರಿನಲ್ಲಿ ದ್ರವ ತುಂಬಿದೆ. ದ್ರವ ಒತ್ತಲ್ಪಡುವುದಿಲ್ಲ, ಎಲೆಕ್ಟ್ರಿಕ್ ಸ್ಟಾರ್ಟರ್ ಇಟ್ಟು ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ತೆಗೆದು, ಎಂಜಿನ್ ತಲೆಕೆಳಗಾಗಿಸಿ, ಕೈಯಲ್ಲೇ ಹಲವು ಸುತ್ತು ತಿರುಗಿಸಿ. ಮೆಥನಾಲ್ ಉರಿ ಹಗಲಲ್ಲಿ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಚೆಲ್ಲಿದ್ದನ್ನು ಒರೆಸದೆ ಡ್ರೈವರ್ ಹಚ್ಚಬೇಡಿ.

ಗ್ಲೋ ಇಂಧನಕ್ಕೆ ಬೆರೆಸುವ ನೈಟ್ರೋಮೀಥೇನ್ ನಮ್ಮಲ್ಲಿ ಸುಲಭವಾಗಿ ಸಿಗದ ಕಾರಣ ಬಹಳಷ್ಟು ಜನ 80 ಪಾಲು ಮೆಥನಾಲ್, 20 ಪಾಲು ಹರಳೆಣ್ಣೆಯ ಮಿಶ್ರಣವನ್ನೇ ಹಾಕುತ್ತಾರೆ. ಇದು ಒಳ್ಳೆಯ ಇಂಧನವೇ. ಆದರೆ ಡಿಸೆಂಬರಿನ ಬೆಂಗಳೂರಿನ ಬೆಳಗಿನಲ್ಲಿ ಹಠ ಮಾಡುತ್ತದೆ, ಏಕೆಂದರೆ ತಣ್ಣಗಿನ ಮೆಥನಾಲ್ ಬೇಗ ಆವಿಯಾಗುವುದಿಲ್ಲ. ಆಗ ಕಾರ್ಬ್ಯುರೇಟರಿಗೆ ನಾಲ್ಕೈದು ಹನಿ ಹೆಚ್ಚು ಪ್ರೈಮ್ ಬೇಕು. ಮೆಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲವಾಗಿದ್ದ ಕ್ಯಾನಿನ ಇಂಧನವನ್ನು ನಾನು ಬಳಸುವುದೇ ಇಲ್ಲ.

ಹರಳೆಣ್ಣೆಯ ಇನ್ನೊಂದು ಗುಣ, ತಿಂಗಳುಗಟ್ಟಲೆ ಬಿಟ್ಟ ಎಂಜಿನ್ನಿನಲ್ಲಿ ಅಂಟಾಗಿ ಗಟ್ಟಿಯಾಗುವುದು. ಪ್ರೊಪೆಲ್ಲರ್ ತಿರುಗದಿದ್ದರೆ ಬಲ ಹಾಕದೆ ಹೀಟ್ ಗನ್ನಿನಿಂದ ಕ್ರ್ಯಾಂಕ್‌ಕೇಸ್ ಬಿಸಿ ಮಾಡಿ, ಅಂಟು ಸಡಿಲವಾಗುತ್ತದೆ. ಕಂಪ್ರೆಷನ್ ಕಡಿಮೆ ಅನಿಸಿದರೆ ಪ್ಲಗ್ ಸುತ್ತ ಒಂದು ಹನಿ ಎಣ್ಣೆ ಬಿಟ್ಟು ತಿರುಗಿಸಿ. ಗುಳ್ಳೆ ಎದ್ದರೆ ತಾಮ್ರದ ವಾಷರ್ ಹೋಗಿದೆ. ಕಾರ್ಬ್ಯುರೇಟರಿನ ಕುತ್ತಿಗೆಯ ಓ-ರಿಂಗ್, ಹಿಂಬದಿಯ ಪ್ಲೇಟಿನ ಗ್ಯಾಸ್ಕೆಟ್ ಎರಡನ್ನೂ ಆಗಲೇ ನೋಡಿಬಿಡಿ.

ಇಷ್ಟೆಲ್ಲ ಸರಿಯಿದ್ದ ಮೇಲೆ ನೀಡಲ್. ಮೆಲ್ಲಗೆ ಪೂರ್ತಿ ಮುಚ್ಚಿ ಎರಡೂವರೆ ಸುತ್ತು ತೆರೆಯಿರಿ. ಮಂಗಳೂರಿನ ಕಡಲ ಮಟ್ಟದಲ್ಲಿ ಹೊಂದಿಸಿದ ನೀಡಲ್ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ರಿಚ್ (ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚು) ಆಗಿರುತ್ತದೆ, ಕೆಲವು ಕ್ಲಿಕ್ ಮುಚ್ಚಬೇಕಾಗುತ್ತದೆ. ಥ್ರಾಟಲ್ ಕಾಲುಭಾಗ ಇಟ್ಟು, ಡ್ರೈವರ್ ಹಚ್ಚಿ, ಚಿಕನ್ ಸ್ಟಿಕ್ ಎನ್ನುವ ಕೋಲಿನಿಂದ ಪ್ರೊಪೆಲ್ಲರನ್ನು ಹೊಡೆಯಿರಿ, ಬೆರಳು ಬೇಡ. ಹಿಡಿದ ಮೇಲೆ ವಿಮಾನದ ಹಿಂದೆ ಬಂದು ನಿಂತು ಡ್ರೈವರ್ ತೆಗೆಯಿರಿ. ತೆಗೆದ ಕೂಡಲೇ ದಟ್ಟ ಹೊಗೆಯೊಂದಿಗೆ ವೇಗ ಕುಸಿದರೆ ಮಿಶ್ರಣ ಇನ್ನೂ ರಿಚ್ ಇದೆ, ಒಂದೆರಡು ಕ್ಲಿಕ್ ಮುಚ್ಚಿ. ಮುಚ್ಚಿದರೂ ಹಾಗೇ ಆದರೆ ಮತ್ತೆ ಪ್ಲಗ್ ಬಿಚ್ಚಿ.