ಆರ್ಕಿಡ್‌ಗೆ ನೀರು ಹಾಕುವ ಮುಂಚೆ ಬೇರು ನೋಡಿ
ಹೂ ಬಿಟ್ಟಿರುವ ಫಲನಾಪ್ಸಿಸ್ ಆರ್ಕಿಡ್ ತಂದು, ಪ್ರೀತಿ ಜಾಸ್ತಿಯಾಗಿ ದಿನಾ ನೀರು ಹಾಕಿ ಕೊಲ್ಲುವವರೇ ಹೆಚ್ಚು. ನನ್ನ ಮೊದಲ ಗಿಡವೂ ಹಾಗೇ ಹೋಯಿತು. ಕಿತ್ತು ನೋಡಿದರೆ ಬೇರೆಲ್ಲ ಕೊಳೆತಿತ್ತು. ಒತ್ತಿದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಕೈಗೆ ಬಂತು.

ಮಲೆನಾಡಿನ ಮರಗಳ ಮೇಲೆ ಸೀತಾಳೆ ದಂಡೆ ನೋಡಿದ್ದೀರಲ್ವಾ? ಇದೂ ಹಾಗೇ ಮರ ಹಿಡಿದು ಬೆಳೆಯುವ ಗಿಡ. ಬೇರಿಗೆ ಗಾಳಿ ಬೇಕು, ಮಣ್ಣು ಬೇಡ. ಮರದ ತೊಗಟೆ ಚೂರು, ಇದ್ದಿಲು ಸಾಕು. ಒಳಗೆ ಕಾಣುವಂಥ ಪ್ಲಾಸ್ಟಿಕ್ ಕುಂಡವಿದ್ದರೆ ಇನ್ನೂ ಒಳ್ಳೇದು. ಬೇರು ಹಸಿರಾಗಿದ್ದರೆ ನೀರು ಮುಟ್ಟಿಸಬೇಡಿ. ಬೂದಿ ಬಣ್ಣಕ್ಕೆ ತಿರುಗಿದಾಗ ಕುಂಡವನ್ನು 10 ನಿಮಿಷ ನೀರಿನಲ್ಲಿಟ್ಟು ಪೂರ್ತಿ ಸೋರಲು ಬಿಡಿ. ಸುಳಿಯಲ್ಲಿ ನೀರು ನಿಂತರೆ ಒರೆಸಿಬಿಡಿ, ಅಲ್ಲಿಂದಲೂ ಕೊಳೆಯುತ್ತದೆ.

ಜಾಗ ಅಂದರೆ ಪೂರ್ವದ ಕಿಟಕಿ. ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆ ಸುಡುತ್ತದೆ.

ಹೂ ಉದುರಿತು ಅಂತ ಸುಮ್ನೆ ಎಸೆಯಬೇಡಿ. ದಂಟು ಹಸಿರಾಗಿದ್ದರೆ ಕೆಳಗಿನಿಂದ ಮೂರನೇ ಗೆಣ್ಣಿನ ಮೇಲೆ ಕತ್ತರಿಸಿ, ಅಲ್ಲೇ ಕವಲೊಡೆಯಬಹುದು. ಒಣಗಿದ್ದರೆ ಬುಡಕ್ಕೇ ತೆಗೆಯಿರಿ. ರಾತ್ರಿ ತಂಪು ಶುರುವಾದರೆ ಹೊಸ ದಂಟು ಬರುತ್ತದೆ. ಬೆಂಗಳೂರಿನ ನಮ್ಮ ಮನೆಯಲ್ಲಿ ಅದು ಇಣುಕುವುದು ಡಿಸೆಂಬರ್ ಚಳಿಯಲ್ಲೇ.