ಮಳೆಗೆ ಮುಂಚೆ ತಾರಸಿಗೆ ಶೀಟು: ಹಗ್ಗ ಗಿಡ್ಡವಿರಲಿ, ಮೊದಲ ಶೀಟು ನೆಟ್ಟಗಿರಲಿ

ಮೇ ತಿಂಗಳು ಬಂತೆಂದರೆ ಹೊನ್ನಾವರದಿಂದ ಕಾರವಾರದವರೆಗೆ ಯಾವ ಊರಿಗೆ ಹೋದರೂ ಒಂದೇ ಸದ್ದು. ತಾರಸಿಯ ಮೇಲೆ ಮೆಷಿನ್ ಗುರ್ರ್ ಅನ್ನುತ್ತಿರುತ್ತದೆ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಒಣಗಿಸಲಿಕ್ಕೆ ಶೀಟು, ಇಲ್ಲಿ ಘಟ್ಟದ ಕೆಳಗೆ ಸೋರುವ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಹೊದಿಸುವ ತಗಡಿನ ಶೀಟು. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಕರಾವಳಿಯಲ್ಲಿ ಬರೀ ಕಾಂಕ್ರೀಟ್ ನಂಬಿ ಕೂತರೆ ಆಗಲಿಕ್ಕಿಲ್ಲ ಎಂದು ಎಲ್ಲರಿಗೂ ಗೊತ್ತಾಗಿದೆ. ಆದರೆ ಶೀಟು ಹಾಕುವವರಲ್ಲಿ ಅರ್ಧ ಜನ ಹವಾಯಿ ಚಪ್ಪಲಿಯಲ್ಲಿ ಹತ್ತುತ್ತಾರೆ, ಹಗ್ಗ ಇರುವುದಿಲ್ಲ, ಶೀಟನ್ನು ಯಾವ ಕಡೆಯಿಂದ ಶುರು ಮಾಡಬೇಕು ಅಂತಲೂ ಕೇಳುವುದಿಲ್ಲ. ಮಳೆ ಬಂತು, ಬೇಗ ಬೇಗ ಅನ್ನುವುದೊಂದೇ.

ನಾನೂ ವೆಲ್ಡಿಂಗ್ ಅಂಗಡಿಯ ಹೆಲ್ಪರ್ ಆಗಿಯೇ ಈ ಕೆಲಸಕ್ಕೆ ಬಂದವನು. ಈಗ ಪ್ರತಿ ವರ್ಷ ಒಬ್ಬರೋ ಇಬ್ಬರೋ ಹೊಸ ಹುಡುಗರು ಜೊತೆಗೆ ಸೇರುತ್ತಾರೆ. ಅವರಿಗೆ ಹೇಳಿ ಹೇಳಿ ಬಾಯಿ ಒಣಗಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೆಲಸ ಮಾಡಿಸುವ ಮನೆಯವರೂ ಓದಿಕೊಂಡರೆ ಒಳ್ಳೆಯದು, ಕೆಳಗೆ ನಿಂತು ನೋಡುವಾಗ ಏನು ಕೇಳಬೇಕು ಅಂತ ಗೊತ್ತಾಗುತ್ತದೆ.

ಹತ್ತುವ ಮುಂಚೆ

ಮೊದಲು ತಲೆ ಎತ್ತಿ ಕರೆಂಟ್ ಲೈನ್ ನೋಡಿ. ತಾರಸಿ ಪಕ್ಕದಲ್ಲೇ ತಂತಿ ಹೋಗಿದ್ದರೆ ಕೆಲಸ ಶುರು ಮಾಡುವ ಮಾತೇ ಇಲ್ಲ. 12 ಅಡಿ ಉದ್ದದ ಶೀಟು ಕೈಯಲ್ಲಿ ಹಿಡಿದು ತಿರುಗಿದರೆ ಅದರ ಇನ್ನೊಂದು ತುದಿ ಎಲ್ಲಿದೆ ಅಂತ ನಿಮಗೆ ಕಾಣುವುದೇ ಇಲ್ಲ. ಕರೆಂಟ್ ಕಂಪನಿ ಹೆಸ್ಕಾಂಗೆ ಹೇಳಿ ಆ ಹೊತ್ತಿಗೆ ಲೈನ್ ಬಂದ್ ಮಾಡಿಸಿಯೇ ಹತ್ತಬೇಕು. ಪಕ್ಕದ ಮನೆಯವರು ಫ್ಯಾನ್ ಇಲ್ಲ ಅಂತ ಬೈದರೆ ಬೈಯಲಿ.

ಏಣಿ: 12 ಅಡಿ ಎತ್ತರಕ್ಕೆ ಹತ್ತುವುದಾದರೆ ಬುಡ ಗೋಡೆಯಿಂದ 3 ಅಡಿ ದೂರ. ಅಂದರೆ ನಾಲ್ಕಕ್ಕೆ ಒಂದು. ತುದಿ ತಾರಸಿಗಿಂತ 3 ಅಡಿ ಮೇಲೆ ಬರಬೇಕು, ಅಲ್ಲಿ ಕಟ್ಟಬೇಕು. ಚಿರೆಕಲ್ಲಿನ ಅಂಗಳದಲ್ಲಿ ಹಾವಸೆ ಇದ್ದರೆ ಕೆರೆದು ಗೋಣಿಚೀಲ ಹಾಸಿ. ಇಷ್ಟೇ.

ಹೊತ್ತಿನ ಲೆಕ್ಕವೂ ಮುಖ್ಯ. ಬೆಳಿಗ್ಗೆ ಆರೂವರೆಗೆ ಶುರು ಮಾಡಿ 11ಕ್ಕೆ ಇಳಿಯಿರಿ. ಆಮೇಲೆ ಶೀಟು ಕಾದ ಕಾವಲಿ ಆಗುತ್ತದೆ. ಕರಾವಳಿಯಲ್ಲಿ ಮಧ್ಯಾಹ್ನ ಕಡಲಗಾಳಿ ಏಳುತ್ತದೆ, ಘಟ್ಟದ ಮೇಲೆ ಸಂಜೆ ಗುಡುಗು ಸಿಡಿಲು. ಕಬ್ಬಿಣದ ಮಾಡಿನ ಮೇಲೆ ಕೂತು ಸಿಡಿಲು ನೋಡುವ ಹುಚ್ಚು ಯಾರಿಗೂ ಬೇಡ.

ಹಗ್ಗದ ವಿಷಯ

ಹೊಸ ಹುಡುಗರು ಕೇಳುವ ಮೊದಲ ಪ್ರಶ್ನೆ, "ಹತ್ತೇ ಅಡಿ ಎತ್ತರ ಅಲ್ವಾ, ಇದಕ್ಕೂ ಬೆಲ್ಟು ಯಾಕೆ?" ಹತ್ತು ಅಡಿ ಇರುವುದು ತಾರಸಿಯಿಂದ. ಅಂಚಿನಿಂದ ಹೊರಗೆ ಬಿದ್ದರೆ ಅಂಗಳಕ್ಕೆ ಇಪ್ಪತ್ತು ದಾಟುತ್ತದೆ. ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನನ್ನು ನೋಡಿ. ಎಷ್ಟು ವರ್ಷದ ಅನುಭವ ಇದ್ದರೂ ಮರ ಹತ್ತುವ ಮುಂಚೆ ತನ್ನ ಹಗ್ಗ ಎಳೆದು ನೋಡದೆ ನೆಲ ಬಿಡುವುದಿಲ್ಲ. ನಮ್ಮ ಹುಡುಗರಿಗೆ ಮಾತ್ರ ನಾಚಿಕೆ.

ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಬೇಡ. ಬಿದ್ದಾಗ ಪೂರ್ತಿ ಎಳೆತ ಸೊಂಟದ ಮೇಲೇ ಬೀಳುತ್ತದೆ, ಬೆನ್ನು ಹೋಗುತ್ತದೆ. ಭುಜ, ಎದೆ, ತೊಡೆ ಸುತ್ತುವ ಪೂರ್ತಿ ಹಾರ್ನೆಸ್ ಬೇಕು. ಅದರ ಮೇಲೆ ಭಾರತೀಯ ಮಾನಕದ ಐಎಸ್ 3521 ಗುರುತು ಇದೆಯಾ ನೋಡಿ, ಹೆಲ್ಮೆಟ್ ಮೇಲೆ ಐಎಸ್ 2925. ಬೈಕಿನ ಹೆಲ್ಮೆಟ್ ಹಾಕಿಕೊಂಡು ಬಂದವನೊಬ್ಬನಿದ್ದ, ಕಾಳಜಿ ಮೆಚ್ಚಬೇಕು, ಆದರೆ ಸೆಕೆಗೆ ಅರ್ಧ ಗಂಟೆಯಲ್ಲಿ ತೆಗೆದಿಟ್ಟ.

ಈಗ ಜಾಸ್ತಿ ಜನ ತಪ್ಪುವ ಜಾಗ. ಹಾರ್ನೆಸ್ ಹಾಕಿದರೆ ಸಾಲದು, ಹಗ್ಗವನ್ನು ಯಾವುದಕ್ಕೆ ಕಟ್ಟಿದಿರಿ, ಎಷ್ಟು ಉದ್ದ ಬಿಟ್ಟಿರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ನೀರಿನ ಟ್ಯಾಂಕಿನ ಪೈಪಿಗೆ ಕಟ್ಟುವುದು, ಪ್ಯಾರಾಪೆಟ್ ಮೇಲಿನ ರೇಲಿಂಗಿಗೆ ಕಟ್ಟುವುದು, ಅರ್ಧ ವೆಲ್ಡಿಂಗ್ ಆದ ಪರ್ಲಿನ್ನಿಗೆ (ಶೀಟು ಕೂರುವ ಅಡ್ಡ ಪೈಪಿಗೆ) ಕಟ್ಟುವುದು, ಇದೆಲ್ಲ ಸುಮ್ನೆ ಮನಸ್ಸಿನ ಸಮಾಧಾನಕ್ಕೆ. ಟ್ರಸ್ಸಿನ (ಮಾಡು ಹೊರುವ ಕಬ್ಬಿಣದ ಚೌಕಟ್ಟಿನ) ಮುಖ್ಯ ಕಂಬಕ್ಕೋ, ಪೂರ್ತಿ ವೆಲ್ಡಿಂಗ್ ಮುಗಿದ ದಪ್ಪ ಪೈಪಿಗೋ ಕಟ್ಟಬೇಕು. ಉದ್ದ ಎಷ್ಟೆಂದರೆ, ನೀವು ಅಂಚಿನ ಕಡೆ ಹೋದಾಗ ಅಂಚಿಗೆ ಒಂದಡಿ ಇರುವಾಗಲೇ ಹಗ್ಗ ನಿಮ್ಮನ್ನು ಹಿಡಿದು ನಿಲ್ಲಿಸಬೇಕು. ಬಿದ್ದ ಮೇಲೆ ಹಿಡಿಯುವ ಹಗ್ಗ ಅಲ್ಲ, ಬೀಳಲಿಕ್ಕೇ ಬಿಡದ ಹಗ್ಗ. 6 ಅಡಿ ಹಗ್ಗ ಬಿಟ್ಟು, ಅದರ ಕೆಳಗೆ ನಿಮ್ಮ ಐದೂವರೆ ಅಡಿ ಎತ್ತರ ಸೇರಿಸಿ ನೋಡಿ. ಹತ್ತು ಅಡಿಯ ಮಾಡಿನಿಂದ ತಾರಸಿಗೆ ಬಿದ್ದರೆ ಹಗ್ಗ ಬಿಗಿಯುವ ಮುಂಚೆಯೇ ಕಾಲು ನೆಲಕ್ಕೆ ಬಡಿದಿರುತ್ತದೆ. ಅಂಚಿನಲ್ಲೇ ಸ್ಕ್ರೂ ಹಾಕಬೇಕಾದಾಗ ಮೇಲೆ ಹೋಗಬೇಡಿ, ತಾರಸಿಯಿಂದಲೇ ಸ್ಟ್ಯಾಂಡ್ ಇಟ್ಟು, ಅದಕ್ಕೂ ಕಟಕಟೆ ಕಟ್ಟಿ, ಕೆಳಗಿನಿಂದ ಕೈ ಚಾಚಿ ಹಾಕಿ.

ಯಾರಾದರೂ ಹಗ್ಗದಲ್ಲಿ ನೇತಾಡುವ ಹಾಗಾದರೆ ತಕ್ಷಣ ಇಳಿಸಬೇಕು. ಜೀವ ಉಳಿಯಿತಲ್ಲ ಅಂತ ಬಿಟ್ಟು ನೋಡುತ್ತಾ ನಿಲ್ಲಬಾರದು, ತೊಡೆಯ ಪಟ್ಟಿಗೆ ರಕ್ತ ಓಡಾಟ ನಿಂತು ಅದೇ ಜೀವಕ್ಕೆ ಅಪಾಯ. ಅದಕ್ಕೇ ಒಬ್ಬನೇ ಯಾವತ್ತೂ ಹತ್ತುವಂತಿಲ್ಲ.

ಸಾಮಾನು ತರುವಾಗ

ಟ್ರಸ್ ಕೆಲಸ ವೆಲ್ಡಿಂಗ್‌ನವರದು, ಅದರೊಳಗೆ ಹೋಗುವುದಿಲ್ಲ. ಎರಡು ಮಾತು ಮಾತ್ರ. ಕಂಬದ ಬುಡದ ಪ್ಲೇಟಿಗೆ ನಾಲ್ಕೂ ಆಂಕರ್ ಬೋಲ್ಟ್ ಬಿದ್ದಿದೆಯಾ ಎಣಿಸಿ. ಸುತ್ತ ತೆರೆದ ಮಾಡು ಅಂದರೆ ಬಿಚ್ಚಿದ ಕೊಡೆ, ಗಾಳಿ ಒಳಗೆ ಹೊಕ್ಕು ಮೇಲೆತ್ತುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಸವರಿಕೊಂಡು ಹೋದ ಮರುದಿನ ನಾನು ನೋಡಲಿಕ್ಕೆ ಹೋದ ಮನೆಯೊಂದರಲ್ಲಿ ಶೀಟು ಒಂದೂ ಹರಿದಿರಲಿಲ್ಲ, ಸ್ಕ್ರೂ ಒಂದೂ ಕಿತ್ತಿರಲಿಲ್ಲ, ಇಡೀ ಮಾಡೇ ಕಂಬದ ಸಮೇತ ಪಕ್ಕದ ಹಿತ್ತಲಲ್ಲಿ ಮಗುಚಿ ಬಿದ್ದಿತ್ತು. ಇನ್ನೊಂದು, ಇಳಿಜಾರು ಒಂದಡಿಗೆ 2 ಇಂಚಿಗಿಂತ ಕಮ್ಮಿ ಬೇಡ. ನನ್ನ ಕೇಳಿದರೆ 3 ಇಂಚೇ ಇರಲಿ. ಚಪ್ಪಟೆ ಮಾಡು ನೋಡಲಿಕ್ಕೆ ಚೆಂದ, ಆರಿದ್ರಾ ಮಳೆಗೆ ನೀರು ಹಿಮ್ಮುಖ ಹತ್ತುತ್ತದೆ.

ಶೀಟು 0.5 ಮಿಲಿಮೀಟರ್ ದಪ್ಪ ಕೇಳಿ, ತೂಕ ಕಮ್ಮಿ ಅನಿಸಿದರೆ ಸ್ಕ್ರೂಗೇಜ್ ಹಿಡಿದು ಅಳೆಯಿರಿ. ಬಿಲ್ಲಿನಲ್ಲಿ 0.5 ಬರೆದು ಕೈಗೆ 0.42 ಕೊಟ್ಟ ಅಂಗಡಿ ನೋಡಿದ್ದೇನೆ. ಉದ್ದವನ್ನು ಅಳತೆ ಕೊಟ್ಟೇ ಮಾಡಿಸಿ. ತಾರಸಿ ಮೇಲೆ ಗ್ರೈಂಡರ್ ಹಿಡಿದು ಕತ್ತರಿಸಿದರೆ ಕಿಡಿ ಹಾರಿ ಬಣ್ಣ ಸುಡುತ್ತದೆ, ಕಡಲ ಉಪ್ಪುಗಾಳಿಗೆ ಅಲ್ಲಿಂದಲೇ ತುಕ್ಕು ಶುರು. ಕತ್ತರಿಸಲೇಬೇಕಾದರೆ ತಗಡಿನ ಕತ್ತರಿ.

ಸ್ಕ್ರೂ ವಿಷಯದಲ್ಲಿ ದುಡ್ಡು ಉಳಿಸಬೇಡಿ. ಹಳದಿ ಬಣ್ಣದ ಅಗ್ಗದ ಸ್ಕ್ರೂ ಕಾರವಾರದ ಕಡಲ ಬದಿಯಲ್ಲಿ ಎರಡು ಮಳೆಗಾಲಕ್ಕೆ ತಲೆ ಉದುರಿಸುತ್ತದೆ. ವಾಷರ್ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿ. ಒತ್ತಿದ ಕಡೆ ತಗ್ಗಿ ಮತ್ತೆ ಮೇಲೆದ್ದರೆ ಬಿಸಿಲು ಮಳೆ ತಾಳುವ ಇಪಿಡಿಎಂ ರಬ್ಬರ್, ಸರಿ. ಪ್ಲಾಸ್ಟಿಕ್ ಹಾಗೆ ಗಟ್ಟಿ ಇದ್ದರೆ ವಾಪಸ್ ಕೊಡಿ, ಬಿಸಿಲಿಗೆ ಬಿರಿಯುತ್ತದೆ.

ಮೊದಲ ಶೀಟು

ಶೀಟನ್ನು ಯಾವ ತುದಿಯಿಂದ ಶುರು ಮಾಡಬೇಕು? ನಮ್ಮ ಮಳೆ ಬರುವುದು ಪಶ್ಚಿಮ, ನೈಋತ್ಯದಿಂದ. ಆದ್ದರಿಂದ ಶುರು ಮಾಡಬೇಕಾದದ್ದು ಅದರ ವಿರುದ್ಧ ತುದಿಯಿಂದ. ಮಾಡು ಪೂರ್ವ ಪಶ್ಚಿಮ ಉದ್ದ ಇದ್ದರೆ ಪೂರ್ವದಿಂದ, ದಕ್ಷಿಣ ಉತ್ತರ ಇದ್ದರೆ ಉತ್ತರದಿಂದ. ಗಾಳಿಗೆ ಮುಖ ಮಾಡಿ ಮುಂದೆ ಮುಂದೆ ಹೋಗಬೇಕು, ಹೊಸ ಶೀಟು ಹಳೆಯದರ ಮೇಲೆ ಕೂರಬೇಕು. ಆಗ ಜೋಡಣೆಯ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತದೆ. ಉಲ್ಟಾ ಆದರೆ ಆ ಬಾಯಿ ಕಡಲಿಗೆ ತೆರೆದಿರುತ್ತದೆ, ಗಾಳಿ ನೀರನ್ನು ಒಳಗೇ ತಳ್ಳುತ್ತದೆ. ನಮ್ಮ ಸ್ವಂತ ಮನೆಗೆ ಮೊದಲು ಹಾಕಿಸಿದಾಗ ನಾನು ಬೇರೆ ಊರಲ್ಲಿ ಕೆಲಸದ ಮೇಲಿದ್ದೆ. ಬಂದವರು ಏಣಿ ಇಟ್ಟ ಕಡೆ ಹತ್ತಿರ ಅಂತ ಪಶ್ಚಿಮದಿಂದ ಶುರು ಮಾಡಿ ಮುಗಿಸಿದ್ದರು. ಆ ಮಳೆಗಾಲ ಪೂರ್ತಿ ಪಾತ್ರೆ ಇಟ್ಟದ್ದೇ ಇಟ್ಟದ್ದು. ಮನೆಯವಳು ಈಗಲೂ ನೆನಪಿಸುತ್ತಾಳೆ.

ಶೀಟಿನ ಒಂದು ಅಂಚಿನಲ್ಲಿ ಉದ್ದಕ್ಕೂ ಸಣ್ಣ ತೋಡು ಇರುತ್ತದೆ, ಬೆರಳಾಡಿಸಿದರೆ ಸಿಗುತ್ತದೆ. ಜೋಡಣೆಯೊಳಗೆ ನೀರು ಹೀರಿಕೊಂಡು ಬರದಂತೆ ತಡೆಯಲಿಕ್ಕೆ ಅದು. ಆ ಅಂಚು ಕೆಳಗೆ ಹೋಗಬೇಕು, ಇನ್ನೊಂದು ಶೀಟು ಅದನ್ನು ಮುಚ್ಚಬೇಕು.

ಈಗ ನೆಟ್ಟಗೆ ಇಡುವುದು. ಕೆಳಗಿನ ಅಂಚಿಗೆ ಉದ್ದಕ್ಕೂ ದಾರ ಕಟ್ಟಿ. ಮೂಲೆ ಮಟ್ಟ ಇದೆಯಾ ಅಂತ ನೋಡಲಿಕ್ಕೆ ದಾರದ ಮೇಲೆ 3 ಅಡಿ, ಇಳಿಜಾರಿನ ಪೈಪಿನ ಮೇಲೆ 4 ಅಡಿ ಗುರುತು ಹಾಕಿ, ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬರಬೇಕು. ಬರದಿದ್ದರೆ ಟ್ರಸ್ಸೇ ಸೊಟ್ಟ. ಆಗ ಶೀಟನ್ನು ಪೈಪಿಗೆ ಹೊಂದಿಸಬೇಡಿ, ದಾರಕ್ಕೆ ಹೊಂದಿಸಿ. ಕಾಲು ಇಂಚು ತಾನೇ ಅಂತ ಬಿಟ್ಟರೆ ಪ್ರತಿ ಶೀಟಿಗೂ ಅದೇ ಕಾಲು ಇಂಚು ಕೂಡುತ್ತಾ ಹೋಗಿ ಇಪ್ಪತ್ತನೇ ಶೀಟಿಗೆ 5 ಇಂಚು. ಕೆಳಗಿನಿಂದ ನೋಡಿದರೆ ಗರಗಸದ ಹಲ್ಲು. ಆಗ ಬಿಚ್ಚಿದರೆ ತೂತೆಲ್ಲ ಹಾಗೇ ಉಳಿಯುತ್ತದೆ, ತೂತಿಗೆ ಸಿಲಿಕಾನ್ ತುಂಬಿಸಿ "ಆಯ್ತು ಮಾರಾಯ್ರೆ" ಅನ್ನುವವರನ್ನು ಮತ್ತೆ ಮನೆಗೆ ಕರೆಯಬೇಡಿ.

ಶೀಟು ಮೇಲೆತ್ತುವಾಗ ಇಬ್ಬರು, ಆ ತುದಿ ಈ ತುದಿ, ಕೈಗವಸು ಕಡ್ಡಾಯ. ಅದರ ಅಂಚು ಮೆಟ್ಟುಗತ್ತಿಗಿಂತ ಹರಿತ. ಗಾಳಿ ಬಂತೆಂದರೆ ಹಿಡಿದು ಸಾಹಸ ಮಾಡಬೇಡಿ, ಕೆಳಗೆ ಮಲಗಿಸಿ ಅದರ ಮೇಲೆ ಭಾರ ಇಡಿ. ಎಷ್ಟು ಹಾಕುತ್ತೀರೋ ಅಷ್ಟೇ ಮೇಲೆ ತನ್ನಿ. ಚಹಾಕ್ಕೆ ಇಳಿಯುವುದಾದರೂ ಕೊನೆಯ ಶೀಟಿಗೆ ಮೇಲೆ, ನಡುವೆ, ಕೆಳಗೆ ಸ್ಕ್ರೂ ಬಿದ್ದಿರಬೇಕು.

ಸ್ಕ್ರೂ ಬಿಗಿಯುವುದು

ಶೀಟಿನ ಉಬ್ಬಿನ ಮೇಲೆ ಹಾಕಬೇಕೋ ತಗ್ಗಿನಲ್ಲಿ ಹಾಕಬೇಕೋ ಅಂತ ಜಗಳ ಇದೆ. ತಗ್ಗಿನಲ್ಲಿ ಹಾಕಿದರೆ ಪೈಪಿಗೆ ಗಟ್ಟಿ ಕೂರುತ್ತದೆ ಅನ್ನುವುದು ನಿಜ. ಆದರೆ ನಮ್ಮ ಮಳೆಯಲ್ಲಿ ನೀರು ಹರಿಯುವುದೇ ತಗ್ಗಿನಲ್ಲಿ, ಪ್ರತಿ ಸ್ಕ್ರೂ ಹೊಳೆಯಲ್ಲಿ ನಿಂತ ಹಾಗೆ. ಉಬ್ಬಿನ ಮೇಲೇ ಹಾಕಿ, ನಾನು ಬೇರೆ ಮಾತು ಕೇಳುವುದಿಲ್ಲ. ಅದಕ್ಕೆ 55 ಮಿಲಿಮೀಟರ್ ಉದ್ದದ ಸ್ಕ್ರೂ ಬೇಕು.

ಉಬ್ಬಿನ ಮೇಲೆ ಹಾಕುವುದರ ಕಷ್ಟ ಏನೆಂದರೆ ಕೆಳಗೆ ಟೊಳ್ಳು. ಸ್ವಲ್ಪ ಜಾಸ್ತಿ ಬಿಗಿದರೆ ಉಬ್ಬು ಬಟ್ಟಲಿನ ಹಾಗೆ ತಗ್ಗುತ್ತದೆ, ಆ ಬಟ್ಟಲಲ್ಲಿ ನೀರು ನಿಲ್ಲುತ್ತದೆ, ವಾಷರ್ ಕೊಳೆಯುತ್ತದೆ. ಮೆಷಿನ್ನನ್ನು ನೇರ ಹಿಡಿಯಿರಿ. ಮೈಭಾರ ಹಾಕಬೇಡಿ. ಮೊನೆ ತಾನಾಗಿ ಕೊರೆಯಲಿ, ಶೀಟು ದಾಟಿದ್ದು ಒಂದು ಸಲ, ಪೈಪು ದಾಟಿದ್ದು ಇನ್ನೊಂದು ಸಲ ಕೈಗೆ ಗೊತ್ತಾಗುತ್ತದೆ. ಪೈಪು ದಾಟಿದ ಕೂಡಲೇ ವೇಗ ಇಳಿಸಿ. ರಬ್ಬರು ಮೇಲಿನ ಲೋಹದ ಬಿಲ್ಲೆಯ ಅಂಚಿನವರೆಗೆ ಉಬ್ಬಿತೋ, ನಿಲ್ಲಿಸಿ. ಹೊರಗೆ ಚೆಲ್ಲಿಕೊಂಡರೆ ಜಾಸ್ತಿ ಆಯಿತು. ಬೆರಳಿನಿಂದ ತಿರುಗಿಸಿದರೆ ವಾಷರ್ ತಿರುಗುತ್ತದೆ ಎಂದರೆ ಕಮ್ಮಿ. ಇಂಪ್ಯಾಕ್ಟ್ ಮೆಷಿನ್ ಹೊಸಬರ ಕೈಗೆ ಕೊಡಲೇಬೇಡಿ, ಅದು ಟಕಟಕ ಅನ್ನುವಷ್ಟರಲ್ಲಿ ಉಬ್ಬು ಒಳಗೆ ಹೋಗಿರುತ್ತದೆ. ಬಿಗಿ ಮಿತಿ ಇಡಬಹುದಾದ ಮೆಷಿನ್ ಇದ್ದರೆ ಅದೇ ಒಳ್ಳೆಯದು. ನಾನು ಹುಡುಗರಿಗೆ ಮೊದಲ ದಿನ ಮಾಡಿಗೆ ಹತ್ತಲಿಕ್ಕೇ ಬಿಡುವುದಿಲ್ಲ. ಅಂಗಳದಲ್ಲಿ ಒಂದು ಪೈಪು, ಒಂದು ತುಂಡು ಶೀಟು, ಐವತ್ತು ಸ್ಕ್ರೂ. ಕೊನೆಯ ಹತ್ತೂ ಒಂದೇ ಥರ ಕೂತರೆ ನಾಳೆ ಮೇಲೆ ಬಾ ತಮ್ಮಾ ಅನ್ನುತ್ತೇನೆ.

ಸ್ಕ್ರೂ ಸೊಟ್ಟ ಹೋದರೆ ತೆಗೆದು, ಅದೇ ತೂತಿಗೆ ಒಂದು ಸೈಜ್ ದಪ್ಪದ್ದು ನೆಟ್ಟಗೆ ಹಾಕಿ. ನಡುಭಾಗದಲ್ಲಿ ಒಂದು ಉಬ್ಬು ಬಿಟ್ಟು ಒಂದಕ್ಕೆ ಸಾಕು. ನಾಲ್ಕೂ ಅಂಚಿನಲ್ಲಿ, ಮೂಲೆಯಲ್ಲಿ ಪ್ರತಿ ಉಬ್ಬಿಗೂ ಬೇಕು, ಗಾಳಿ ಕೀಳುವುದು ಅಲ್ಲಿಂದಲೇ.

ಓಡಾಡುವಾಗ ಸ್ಕ್ರೂ ಸಾಲಿನ ಮೇಲೇ ಕಾಲಿಡಿ, ಅದರ ಕೆಳಗೆ ಪೈಪು ಇರುತ್ತದೆ. ತಗ್ಗಿನಲ್ಲಿ ಪಾದ ಚಪ್ಪಟೆಯಾಗಿ. ಅಡಿಕೆ ಒಣಗಿಸಲಿಕ್ಕೆ ನಡುವೆ ಹಾಕುವ ಪಾರದರ್ಶಕ ಶೀಟಿನ ಮೇಲೆ ಮಾತ್ರ ಯಾವತ್ತೂ ಇಲ್ಲ, ಪೈಪು ಇದೆ ಅಂದರೂ ಇಲ್ಲ. ಧೂಳು ಕೂತ ಮೇಲೆ ಅದಕ್ಕೂ ಬೇರೆ ಶೀಟಿಗೂ ವ್ಯತ್ಯಾಸ ಕಾಣುವುದಿಲ್ಲ. ಅದನ್ನು ಕೊನೆಗೆ ಹಾಕಿ, ಸುತ್ತ ಕೆಂಪು ಬಣ್ಣ ಬಳಿಯಿರಿ. ಹಳೆಯ ಸಿಮೆಂಟ್ ಶೀಟಿಗೂ ಇದೇ ಮಾತು. ಅದನ್ನು ತೆಗೆಯುವಾಗ ಒಡೆಯಬೇಡಿ, ಕೊರೆಯಬೇಡಿ. ಅದರ ಆಸ್ಬೆಸ್ಟಾಸ್ ಧೂಳು ಎದೆಗೂಡು ಸೇರಿದರೆ ಹೊರಗೆ ಬರುವುದಿಲ್ಲ. ನೀರು ಹಾಕಿ ನೆನೆಸಿ, ಮಾಸ್ಕ್ ಹಾಕಿಕೊಂಡು ಇಡಿಯಾಗಿ ಇಳಿಸಿ.

ಮಾಡಿನ ನೆತ್ತಿ ಮುಚ್ಚುವ ರಿಡ್ಜ್ ಶೀಟು ಎರಡೂ ಕಡೆ 6 ಇಂಚು ಇಳಿಯಲಿ. ಆ ದಿನದ ಕೆಲಸ ಮುಗಿಸಿ ಇಳಿಯುವ ಮುಂಚೆ ಮೆತ್ತನೆ ಪೊರಕೆಯಿಂದ ಕಬ್ಬಿಣದ ಚೂರು ಗುಡಿಸಿ. ನಾಳೆ ಮಾಡೋಣ ಅಂದರೆ ರಾತ್ರಿಯ ಇಬ್ಬನಿಗೇ ತುಕ್ಕು ಹಿಡಿದು ಹೊಸ ಶೀಟಿನ ಮೇಲೆ ಕೆಂಪು ಚುಕ್ಕೆ.

ಈ ಕೆಲಸವನ್ನೇ ಹಿಡಿಯುವ ಹುಡುಗರಿಗೆ ಇನ್ನೊಂದು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ, ವಯಸ್ಸು 18ರಿಂದ 60ರ ಒಳಗಿದ್ದರೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಮಳೆಗಾಲದಲ್ಲಿ ಹೇಗೂ ಮಾಡು ಹತ್ತುವ ಕೆಲಸ ಇರುವುದಿಲ್ಲ, ಆಗ ಹೋಗಿ ಕಾರ್ಡ್ ಮಾಡಿಸಿಕೊಳ್ಳಿ.