ಜ್ಯೂಸ್ ಡಯಟ್ ಶುರು ಮಾಡುವ ಮುಂಚೆ

ಮೂರು ದಿನ ಬರೀ ಜ್ಯೂಸ್ ಕುಡಿದರೆ ತೂಕ ಇಳಿಯುತ್ತದೆ, ನಿಜ. ನಾನೂ ಮಾಡಿ ನೋಡಿದ್ದೇನೆ. ಆದರೆ ಇಳಿಯುವುದು ಜಾಸ್ತಿ ನೀರೇ. ದೇಹ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರಿರುತ್ತದೆ. ಅದು ಖಾಲಿಯಾದಾಗ ತೂಕ ಇಳಿದಂತೆ ಕಾಣುತ್ತದೆ. ಅನ್ನ, ಮುದ್ದೆಗೆ ಮರಳಿದರೆ ಮತ್ತೆ ಅಲ್ಲಿಗೇ! ಇನ್ನು ಜ್ಯೂಸ್ ದೇಹದ ಕಸ ತೆಗೆಯುತ್ತದೆ ಅಂತಾರೆ. ಆ ಕೆಲಸಕ್ಕೆ ಲಿವರ್, ಕಿಡ್ನಿ ದಿನಾ ದುಡಿಯುತ್ತಲೇ ಇವೆ, ಅಲ್ವಾ?

ಮಾಡಲೇಬೇಕು ಅನಿಸಿದರೆ ರಾತ್ರಿ ಊಟ ಒಂದನ್ನು ಮಾತ್ರ ಬದಲಿಸಿ. ಸೋಸಿದ ಹಣ್ಣಿನ ರಸ ಬೇಡ, ನಾರು ಹೋಗಿ ಸಕ್ಕರೆ ಉಳಿಯುತ್ತದೆ. ತರಕಾರಿ ಹಾಕಿದ ಗಟ್ಟಿ ಹೆಸರುಬೇಳೆ ಸಾರು, ಇಲ್ಲವೇ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಕುಡಿಯಿರಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಒಂದು ಹೊತ್ತಿನ ಊಟವನ್ನೂ ಬಿಡಬೇಡಿ.